ಆರು ಡಿಗ್ರಿ ತಂಪು

ತನ್ನ ಕೋಳಿ ಕೂಗಿದ್ದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿದ ಮುದುಕಿಯ ಕಥೆ ಕೇಳಿ ಪಂಪಾವತಿ ಚಿಕ್ಕಂದಿನಲ್ಲಿ ಬಿದ್ದು ಬಿದ್ದು ನಕ್ಕಿದ್ದಳು. ನಲವತ್ತೆಂಟನೆಯ ವಯಸ್ಸಿಗೆ ತಾನೇ ಆ ಮುದುಕಿಯಾಗುತ್ತೇನೆಂದು ಆಗ ಯಾರೂ ಎಚ್ಚರಿಸಿರಲಿಲ್ಲ. ಕೋಳಿಯ ಬದಲು ಅವಳ ಹತ್ತಿರ ಒಂದು ಗೋಡೆಯಿತ್ತು, ಅಷ್ಟೇ ವ್ಯತ್ಯಾಸ.

ಗೋಡೆ ಇದ್ದದ್ದು ಕುರೆಕುಪ್ಪದಲ್ಲಿ. ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆಂದು ಒಂದು ಟ್ರಸ್ಟಿನವರು ಕಟ್ಟಿಸಿದ ಎರಡಂತಸ್ತಿನ ಹಾಸ್ಟೆಲು. ಅದರ ಪಡುವಣ ಗೋಡೆ ಪಂಪಾವತಿಯದು. ಹೊಸಪೇಟೆಯ ಒಂದು ಎಂಜಿನಿಯರ್ ಆಫೀಸಿನಲ್ಲಿ ಅವಳು ಇಪ್ಪತ್ತೆರಡು ವರ್ಷದಿಂದ ನಕ್ಷೆ ಬರೆಯುತ್ತಿದ್ದಳು, ಮೊದಲು ಹಳೆಯ ಯಜಮಾನನ ಕೈಕೆಳಗೆ, ಆಮೇಲೆ ಅವನ ಮಗ ಮಲ್ಲಿಕಾರ್ಜುನ್‌ನ ಕೈಕೆಳಗೆ. ಅಷ್ಟು ವರ್ಷಗಳ ನಕ್ಷೆಗಳಲ್ಲಿ ಅವಳ ಗುರುತೆಂದರೆ ಕೆಳಗಿನ ಮೂಲೆಯ ಸಣ್ಣ ಚೌಕದಲ್ಲಿನ ‘ಪಂ’ ಎಂಬ ಒಂದೇ ಅಕ್ಷರ. ವಿನ್ಯಾಸ ಮಾಡಿದವರ ಜಾಗದಲ್ಲಿ ಯಾವಾಗಲೂ ಬೇರೆಯವರ ಹೆಸರು. ನಲವತ್ತೈದು ದಾಟಿದ ಮೇಲೆ ಅವಳಿಗೆ ಹಟ ಬಂತು. ಹೊರಗಿನ ಬಿಸಿಲು ಗೋಡೆಯ ಮೂಲಕ ಮನೆಯೊಳಕ್ಕೆ ಹೇಗೆ ಬರುತ್ತದೆ, ಅದನ್ನು ಹೇಗೆ ತಡೆಯಬೇಕು ಎಂಬುದರ ಬಗ್ಗೆ ಕಂಪ್ಯೂಟರಿನ ಮುಂದೆ ಕೂತೇ ಕಲಿಯುವ ಆರು ತಿಂಗಳ ಕೋರ್ಸಿಗೆ ಸೇರಿದಳು.

“ಗ್ವಾಡಿ ಕಟ್ಟಾಕ ಹದಿನೈದು ದಿನ ಸಾಕು. ಅದರ ಬಗ್ಗೆ ಓದಾಕ ಆರು ತಿಂಗಳು ಬೇಕೇನು?” ಎಂದಿದ್ದ ಗಂಡ ಹನುಮೇಶ್. ಅವನು ದೋಣಿಮಲೈ ಗಣಿಯಲ್ಲಿ ಫೋರ್‌ಮನ್. ಗುಡ್ಡಗಳನ್ನೇ ಅಗೆದು ಸಾಗಿಸುವವರಿಗೆ ಒಂದು ಗೋಡೆ ಎಂದರೆ ಲೆಕ್ಕಕ್ಕಿಲ್ಲ.

ಹಾಸ್ಟೆಲಿನ ಕೆಲಸ ಬಂದಾಗ ಅವಳು ಕಾಡಿ ಬೇಡಿ ಪಡುವಣ ಗೋಡೆಯನ್ನು ತನ್ನ ಪಾಲಿಗೆ ಇಸಿದುಕೊಂಡಳು. ಕೋಣೆಗಳ ಗೋಡೆಯಿಂದ ಎರಡಡಿ ಆಚೆಗೆ ಇನ್ನೊಂದು ಗೋಡೆ ಎಬ್ಬಿಸಿದಳು. ಅದು ಕಂಪ್ಲಿಯ ಭಟ್ಟಿಯಲ್ಲಿ ಹೇಳಿ ಸುಡಿಸಿದ ತೂತು ಇಟ್ಟಿಗೆಗಳ ಜಾಲರಿ. ಬಿಸಿಲು ಜಾಲರಿಗೆ ಬಡಿದು ನಿಲ್ಲಬೇಕು, ಗಾಳಿ ಮಾತ್ರ ತೂರಿ ಒಳಗಿನ ಕಿಟಕಿಗೆ ಬರಬೇಕು. ನಡುವಿನ ಸಂದಿಯಲ್ಲಿ ಕೂರುವ ಕೆಂಪು ಧೂಳನ್ನು ಗುಡಿಸಲು ಪ್ರತಿ ಕೋಣೆಯಿಂದ ಒಂದು ಸಣ್ಣ ಬಾಗಿಲು. ಮೇಲೆ ಮಾಳಿಗೆಗೆ ಬಿಸಿಲನ್ನು ಹಿಂದಕ್ಕೆ ತಳ್ಳುವ ಬಿಳಿ ಬಣ್ಣ. ಆ ಬಣ್ಣ ಕೆಡಬಾರದೆಂದು ಮೆಟ್ಟಿಲ ಬಾಗಿಲಿಗೆ ಬೀಗ ಜಡಿಸಿ, ‘ಯಾರೂ ಮೇಲೆ ಓಡಾಡಕೂಡದು’ ಎಂದು ತಾನೇ ನಿಂತು ಬರೆಸಿದ್ದಳು.

ಹಾಸ್ಟೆಲಿನ ಪಕ್ಕದಲ್ಲೇ ಅದೇ ಟ್ರಸ್ಟಿನ ಹಳೆಯ ಕಟ್ಟಡವಿತ್ತು, ಅದೇ ಎತ್ತರ, ಅದೇ ದಿಕ್ಕು, ಸಾದಾ ಗೋಡೆ. ಎರಡೂ ಕಡೆ ಒಂದೊಂದು ಕೋಣೆಯಲ್ಲಿ ಉಷ್ಣತೆ ಅಳೆಯುವ ಪುಟ್ಟ ಮೀಟರು ತೂಗುಹಾಕಿಸಿದಳು. ದಿನಾ ಮಧ್ಯಾಹ್ನ ಮೂರಕ್ಕೆ ವಾರ್ಡನ್ ಎರ್ರೆಮ್ಮ ಎರಡನ್ನೂ ನೋಡಿ ನೋಟ್‌ಬುಕ್ಕಿನಲ್ಲಿ ಬರೆದು, ಆ ಪುಟದ ಫೋಟೋ ಕಳಿಸಬೇಕು. ಮಾರ್ಚಿ ಕೊನೆಗೆ ಹೊರಗೆ ನಲವತ್ತೊಂದು ಡಿಗ್ರಿ. ಹಳೆಯ ಕಟ್ಟಡದ ಕೋಣೆಯಲ್ಲಿ ಮೂವತ್ತೊಂಬತ್ತು. ಪಂಪಾವತಿಯ ಗೋಡೆಯ ಹಿಂದೆ ಮೂವತ್ತಮೂರು.

ಆರು ಡಿಗ್ರಿ. ಕೋರ್ಸಿನಲ್ಲಿ ಪಾಠ ಹೇಳಿದವರೂ ಮೂರರ ಮೇಲೆ ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದರು. ಅವರಿಗೆ ನಮ್ಮ ಕಡೆಯ ಗಾಳಿ ಗೊತ್ತಿಲ್ಲ ಎಂದುಕೊಂಡಳು ಪಂಪಾವತಿ. ಅನುಮಾನ ಪಡಬೇಕಾದ ಜಾಗದಲ್ಲಿ ಆಕೆ ಹೆಮ್ಮೆಪಟ್ಟಳು. ಅದಕ್ಕೆ ಕಡಿಮೆ ಶ್ರಮ ಸಾಕಾಗುತ್ತದೆ.

ಆಮೇಲೆ ಅವಳ ಬಾಯಿಗೆ ತಡೆಯಿರಲಿಲ್ಲ. ಸೊಪ್ಪಿನವಳಿಗೆ ಹೇಳಿದಳು. ಹಲ್ಲಿನ ಡಾಕ್ಟರು ಬಾಯಿಂದ ಹತ್ತಿ ತೆಗೆದ ಕೂಡಲೇ ಅವರಿಗೂ ಹೇಳಿದಳು. ಕಡ್ಡಿರಾಂಪುರದಲ್ಲಿ ನಡೆದ ಮದುವೆಯೊಂದರಲ್ಲಿ ಪಂಕ್ತಿಯಲ್ಲಿ ಕೂತು, ಎಲೆಯ ಮೇಲೆ ಎರಡು ಹಪ್ಪಳ ನೆಟ್ಟಗೆ ನಿಲ್ಲಿಸಿ ನಡುವಿನ ಸಂದಿಯನ್ನು ವಿವರಿಸಿದಳು. ಎದುರಿನವರು ಹಪ್ಪಳ ತಿನ್ನಬಹುದೋ ಬೇಡವೋ ಎಂದು ಕಾದಿದ್ದರು.

ಈ ಆರು ಡಿಗ್ರಿ ಮಲ್ಲಿಕಾರ್ಜುನ್‌ನ ಕಿವಿಗೂ ಬಿತ್ತು. ಸಂಡೂರಿನ ಹತ್ತಿರ ಒಂದು ಕಂಪನಿ ನಾಲ್ಕು ಬ್ಲಾಕು ಕ್ವಾರ್ಟರ್ಸ್ ಕಟ್ಟಿಸುವುದರಲ್ಲಿತ್ತು. ನಾಲ್ಕಕ್ಕೂ ಇದೇ ಗೋಡೆ ಮಾಡೋಣ ಎಂದು ಅವನು ಅವರಿಗೆ ಆಸೆ ಹಚ್ಚಿದ. ಬುಧವಾರ ಅವರ ಎಂಜಿನಿಯರು ಬಂದು ನಕ್ಷೆ ನೋಡಿ ಒಪ್ಪುವುದೆಂದಾಯಿತು. “ಅಕ್ಕಾ, ಈ ಸಲ ವಿನ್ಯಾಸ ಅಂತ ನಿಮ್ಮ ಹೆಸರ ಹಾಕೂಣು,” ಎಂದ. ಪಂಪಾವತಿ ಗಂಭೀರವಾಗಿ ತಲೆಯಾಡಿಸಿ, ಅವನು ಊಟಕ್ಕೆ ಹೋದ ಮೇಲೆ ಹೆಸರಿನ ಅಕ್ಷರಗಳನ್ನು ಒಂದಿಷ್ಟು ದೊಡ್ಡದು ಮಾಡಿದಳು. ಆಮೇಲೆ ನಾಚಿಕೆಯಾಗಿ ಅರ್ಧದಷ್ಟು ಇಳಿಸಿದಳು.

ಅದಕ್ಕೂ ಹಿಂದಿನ ಶನಿವಾರ ಸಂಡೂರಿನಲ್ಲಿ ನಾದಿನಿಯ ಮೊಮ್ಮಗಳ ತೊಟ್ಟಿಲ ಕಾರ್ಯ. ಊಟ ಮುಗಿಸಿ ನೇರ ಹೊಸಪೇಟೆ ಬಸ್ಸು ಹತ್ತಬೇಕಾದವಳಿಗೆ ಗೋಡೆಯನ್ನೊಮ್ಮೆ ಉರಿಬಿಸಿಲಿನಲ್ಲೇ ನೋಡುವ ಆಸೆಯಾಯಿತು. ಕುರೆಕುಪ್ಪದ ಕಡೆಗೆ ಹೋಗುವ ತೋರಣಗಲ್ಲು ಬಸ್ಸು ಹಿಡಿದಳು. ಯಾವಾಗಲೂ ಹಿಂದಿನ ದಿನವೇ ಫೋನ್ ಮಾಡಿ ಹೋಗುವುದು ಅವಳ ಪದ್ಧತಿ. ದೊಡ್ಡ ಅಧಿಕಾರಿಗಳ ಹಾಗೆ ಏಕಾಏಕಿ ನುಗ್ಗುವುದು ಸಭ್ಯತೆಯಲ್ಲ ಎಂಬುದು ಅವಳ ನಂಬಿಕೆ. ಆವತ್ತು ಫೋನಿನ ಬ್ಯಾಟರಿ ಸತ್ತಿತ್ತು. ಸಭ್ಯತೆಯೂ ಅದರ ಜೊತೆಗೇ ಹೋಯಿತು.

ಮೂರರ ಹೊತ್ತಿಗೆ ಹಾಸ್ಟೆಲು ತಲುಪಿದಳು. ಹೊರಗಿನಿಂದ ಜಾಲರಿ ಎಂದಿನಂತೆ ಚೆಂದ. ಎರ್ರೆಮ್ಮ ಕಾಣಲಿಲ್ಲ. ಮೀಟರು ಇದ್ದದ್ದು ಮೇಲಿನ ಒಂಬತ್ತನೆಯ ಕೋಣೆಯಲ್ಲಿ. ಬಾಗಿಲು ತೆರೆದಿತ್ತು, ಮಂಚದ ಮೇಲೊಬ್ಬಳು ಹುಡುಗಿ ಬೆನ್ನು ತಿರುಗಿಸಿ ಮಲಗಿದ್ದಳು. ಒಳಗೆ ಕಾಲಿಟ್ಟೊಡನೆ ತಂಪು ಮುಖಕ್ಕೆ ತಾಕಿತು. ತಾನೇ ಹೆತ್ತ ತಂಪು. ಪಂಪಾವತಿಗೆ ಕಣ್ಣು ತುಂಬಿ ಬರುವುದೊಂದು ಬಾಕಿ. ಮೆಲ್ಲನೆ ಹೋಗಿ ಸಂದಿಯ ಸಣ್ಣ ಬಾಗಿಲು ತೆರೆದಳು.

ಒಂದು ಹಸಿ ಲಂಗ ಅವಳ ಮುಖಕ್ಕೆ ಪಟ್ಟೆಂದು ಬಡಿಯಿತು.

ಲಂಗ ಸರಿಸಿ ನೋಡಿದರೆ ಆ ತುದಿಯಿಂದ ಈ ತುದಿಯವರೆಗೆ ಬಟ್ಟೆಯೇ ಬಟ್ಟೆ. ಮೂರು ಸಾಲು ತಂತಿ ಬಿಗಿದಿದ್ದರು. ನಾಲ್ಕು ಮಡಿಕೆಯ ಸೀರೆಗಳು, ನೈಟಿಗಳು, ಕ್ಯಾಂಟೀನಿನ ಏಪ್ರನ್ನುಗಳು, ಕಾರ್ಖಾನೆಯ ದಪ್ಪ ಪ್ಯಾಂಟುಗಳು, ಟವೆಲ್ಲುಗಳು, ಟವೆಲ್ಲುಗಳ ಅಡಿಯಲ್ಲಿ ಅಡಗಿದ ಒಳಬಟ್ಟೆಗಳು. ತಳದಲ್ಲಿ ತೊಟತೊಟ ನೀರು. ಜಾಲರಿಯ ತೂತುಗಳಿಂದ ಬಂದ ಬಿಸಿಗಾಳಿ ಅಷ್ಟೂ ಹಸಿ ಬಟ್ಟೆಗಳನ್ನು ಸವರಿಕೊಂಡು ತಣ್ಣಗಾಗಿ ಕಿಟಕಿಗಳೊಳಗೆ ಹೋಗುತ್ತಿತ್ತು.

ಬೇಸಿಗೆಯಲ್ಲಿ ನೀರಿನ ಕೊಡಕ್ಕೆ ಒದ್ದೆ ಬಟ್ಟೆ ಸುತ್ತುವುದು ಅವಳ ಅಜ್ಜಿಗೂ ಗೊತ್ತಿತ್ತು. ಅದಕ್ಕೆ ಆರು ತಿಂಗಳ ಕೋರ್ಸು ಬೇಕಿರಲಿಲ್ಲ.

ಮಂಚದ ಹುಡುಗಿ ಎದ್ದು ಕೂತಳು. ಶಿಲ್ಪಶ್ರೀ, ಕಂಪ್ಲಿಯವಳು, ಬಿ.ಎಸ್ಸಿ. ಮುಗಿಸಿ ಅದಿರು ಪರೀಕ್ಷಿಸುವ ಲ್ಯಾಬಿನಲ್ಲಿದ್ದಳು. “ಮೇಡಂ, ಇವತ್ತು ಫೋನ್ ಮಾಡ್ಲಿಲ್ಲಲ್ರಿ?” ಎಂದಳು, ತಪ್ಪು ಪಂಪಾವತಿಯದೇ ಎಂಬಂತೆ.

ಅಷ್ಟರಲ್ಲಿ ಎರ್ರೆಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. “ಅಯ್ಯ, ಹೇಳಿ ಬರಬಾರ್ದೇನ್ರಿ ಮೇಡಂ. ನೀವು ಬರ್ತೀರಂದ್ರ ಒಂದು ತಾಸು ಮೊದಲ ಎಲ್ಲಾ ತೆಗಸ್ತಿದ್ನಿ. ಮಂಚದ ಕೆಳಗ ತುರುಕಿ, ಸಂದಿ ಗುಡಿಸಿ, ಒರಸಿ ಇಡ್ತಿದ್ವಿ.”

“ಪ್ರತಿ ಸಲಾನೂ?”

“ಮತ್ತ? ದೊಡ್ಡೋರು ಬಂದಾಗ ಲಂಗ ತೋರಸ್ತಾರೇನ್ರಿ.”

ಪಂಪಾವತಿ ಮಂಚದ ಅಂಚಿಗೆ ಕೂತಳು. ಹಾಗಾದರೆ ತಾನು ಬಂದಾಗಲೆಲ್ಲ ಕಂಡ ಆ ಸ್ವಚ್ಛ ಸಂದಿ, ಆ ಮರ್ಯಾದೆ, ಎಲ್ಲ ತನ್ನ ಫೋನಿನ ಫಲ. ತಾನು ಇನ್ನಷ್ಟು ಒರಟಳಾಗಿದ್ದಿದ್ದರೆ ಮೊದಲ ವಾರವೇ ಸತ್ಯ ತಿಳಿಯುತ್ತಿತ್ತು.

“ಇಲ್ಲೇ ಯಾಕ ಹಾಕ್ತೀರಿ?”

“ಎಲ್ಲಿ ಹಾಕೂಣ್ರಿ?” ಶಿಲ್ಪಶ್ರೀಯೇ ತಿರುಗಿ ಕೇಳಿದಳು. “ಮುಂದ ಲಾರಿ ಸ್ಟ್ಯಾಂಡ್ ಐತಿ. ಡ್ರೈವರುಗಳು ಕಣ್ಣು ಪಿಳುಕಸಂಗಿಲ್ಲ. ಮಾಳಗಿಗೆ ನೀವ ಬೀಗ ಹಾಕ್ಸೀರಿ. ಧೂಳಿಗೆ ದಿನಾ ಒಗೀಬೇಕು. ಮೂವತ್ತಾರು ಮಂದಿ ಇದ್ದೀವಿ.” ಅವಳು ಮೊಣಕೈ ಮಡಚುವ ಜಾಗ ತೋರಿಸಿದಳು. ಕೆಂಪಗೆ ಗಂಧೆ ಎದ್ದಿತ್ತು. “ಬಿಸಿಲು ತಾಗಂಗಿಲ್ಲ ನೋಡ್ರಿ ಬಟ್ಟಿಗೆ. ಅರ್ಧ ಹಸಿ ಇದ್ದಾಗ ಹಾಕ್ಕೊಂಡು ಡ್ಯೂಟಿಗೆ ಓಡ್ತೀವಿ. ವಾಸನಿ ಬ್ಯಾರೆ. ನಂದೊಬ್ಬಳದಲ್ಲ, ಭಾಳ ಮಂದಿಗೆ ತುರಿಕಿ.”

“ಮಾಳಗಿ ಬೀಗ ತೆಗಸ್ರಿ ಮೇಡಂ,” ಎಂದಳು ಎರ್ರೆಮ್ಮ. “ಚಾವಿ ನನ್ನ ಹತ್ರಾನ ಐತಿ. ಎಂಜಿನಿಯರ್ ಮೇಡಂ ಹೇಳಿದ್ರ ಮಾತ್ರ ತೆಗಿ ಅಂತಾರ ಟ್ರಸ್ಟಿನೋರು.”

ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಆದರೆ ಪಂಪಾವತಿಯ ತಲೆಯೊಳಗೆ ಲೆಕ್ಕ ಆಗಲೇ ಓಡಿತ್ತು. ಬಟ್ಟೆ ಮಾಳಿಗೆಗೆ ಹೋದರೆ ತಂಪೂ ಬಟ್ಟೆಯ ಬೆನ್ನು ಹತ್ತಿ ಹೋಗುತ್ತದೆ. ಬುಧವಾರ ಆ ಎಂಜಿನಿಯರು ಬಂದಾಗ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಆರು ಇರುವುದಿಲ್ಲ. ಆರಿಲ್ಲದಿದ್ದರೆ ನಾಲ್ಕು ಬ್ಲಾಕು ಇಲ್ಲ. ಬ್ಲಾಕು ಇಲ್ಲದಿದ್ದರೆ ಅರ್ಧದಷ್ಟು ಇಳಿಸಿದ ಆ ಅಕ್ಷರಗಳೂ ಇಲ್ಲ.

“ಬುಧವಾರ ಕಳೀಲಿ,” ಎಂದಳು. “ಆಮ್ಯಾಲ ನೋಡೂಣು.”

“ಬುಧವಾರ ಏನೈತ್ರಿ?”

“ಒಂದು ಮೀಟಿಂಗ್ ಐತಿ.”

“ನಮ್ಮ ಬಟ್ಟಿ ಬಗ್ಗೆನಾ?” ಎರ್ರೆಮ್ಮನ ಮುಖ ಅರಳಿತು.

“ಹ್ಞೂ, ಹಂಗ ಅನ್ಕೋ,” ಎಂದುಬಿಟ್ಟಳು ಪಂಪಾವತಿ. ಎರ್ರೆಮ್ಮ ನೀರು ಕೊಟ್ಟಳು, ಚಹಾ ಮಾಡಿಸಿದಳು, ಬಸ್ ಸ್ಟಾಪಿನವರೆಗೆ ಬಂದು ಬಿಟ್ಟಳು. ಸುಳ್ಳು ಹೇಳಿದವಳಿಗೆ ಸಿಗಬಾರದಷ್ಟು ಉಪಚಾರ.

ಭಾನುವಾರ ಬೆಳಗ್ಗೆ ತನ್ನ ಮನೆಯ ಹಿತ್ತಿಲಲ್ಲಿ ಬಟ್ಟೆ ಹರವುವಾಗ ಪಂಪಾವತಿ ತನ್ನ ಕೈಗಳನ್ನೇ ನೋಡಿದಳು. ಮೊದಲು ಒಳಬಟ್ಟೆ, ಅದರ ಮೇಲೆ ಲಂಗ, ಲಂಗದ ಮೇಲೆ ಟವೆಲ್ಲು. ಹೊರಗೆ ಕಾಣುವುದು ಟವೆಲ್ಲು ಮಾತ್ರ. ಮದುವೆಯಾಗಿ ಬಂದ ವರ್ಷದಿಂದ ಹೀಗೆಯೇ. ಅತ್ತೆ ಹೇಳಿಕೊಟ್ಟಿರಲಿಲ್ಲ, ಅಮ್ಮ ಹೇಳಿಕೊಟ್ಟಿರಲಿಲ್ಲ. ಕೈ ತಾನಾಗಿ ಕಲಿತಿತ್ತು. ಮುಚ್ಚಿಟ್ಟು ಮುಚ್ಚಿಟ್ಟು ಕೊನೆಗೆ ತನ್ನ ಕಣ್ಣಿಗೂ ಕಾಣದಂತೆ ಮುಚ್ಚಿಬಿಟ್ಟಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ದೇವರ ಕೋಣೆ ಬರೆದಿದ್ದಳು, ಕಾರು ನಿಲ್ಲಿಸುವ ಜಾಗ ಬರೆದಿದ್ದಳು, ಒಬ್ಬ ಗಿರಾಕಿಯ ನಾಯಿಗೆ ಕಿಟಕಿಯಿರುವ ಮನೆಯನ್ನೂ ಬರೆದಿದ್ದಳು. ಒಗೆದ ಬಟ್ಟೆ ಎಲ್ಲಿ ಒಣಗಬೇಕು ಎಂದು ಒಂದು ಗೆರೆ ಎಳೆದದ್ದು ನೆನಪಾಗಲಿಲ್ಲ.

ಹನುಮೇಶ್ ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ. “ಏನಾತು ಲೇ? ನಿನ್ನೆಯಿಂದ ಯಾರಿಗೂ ಆರು ಡಿಗ್ರಿ ಅಂದಿಲ್ಲ. ಜ್ವರ ಏನರ ಬಂದಾವೇನು?”

ಪಂಪಾವತಿ ಎಲ್ಲ ಹೇಳಿದಳು. ಅವನು ಚಹಾ ಚೆಲ್ಲುವಷ್ಟು ನಕ್ಕ. ನಕ್ಕು ಮುಗಿದ ಮೇಲೆ ಸಮಾಧಾನದ ದನಿಯಲ್ಲಿ, “ಯಾರಿಗೂ ಹೇಳಬ್ಯಾಡ ಬಿಡು,” ಎಂದ. “ಬುಧವಾರ ಕೆಲಸ ಮುಗೀಲಿ. ರೂಮು ತಂಪು ಐತಿಲ್ಲೋ? ಯಾತರಿಂದಾದ್ರ ಏನು? ಆ ಹುಡುಗ್ಯಾರಿಗೂ ತಂಪು ಬೇಕಲ್ಲ. ನಾಲ್ಕು ದಿನ ತುರಿಸ್ಕೊಂಡ್ರ ಯಾರೂ ಸಾಯಂಗಿಲ್ಲ.”

ಅಕ್ಷರಕ್ಷರವೂ ಅವಳು ಬಸ್ಸಿನಲ್ಲಿ ತನಗೆ ತಾನೇ ಹೇಳಿಕೊಂಡ ಮಾತು. ತನ್ನ ತಲೆಯೊಳಗೆ ಅದು ವ್ಯವಹಾರ ಜ್ಞಾನದಂತೆ ಕೇಳಿಸಿತ್ತು. ಗಂಡನ ಬಾಯಲ್ಲಿ ಬಂದಾಗ ಎಷ್ಟು ಕೀಳಾಗಿತ್ತೆಂದು ತಿಳಿಯಿತು. ಅವಳು ಒಳಗೆ ಹೋಗಿ ಎರ್ರೆಮ್ಮನಿಗೆ ಫೋನ್ ಮಾಡಿ ಬೀಗ ತೆಗೆ ಎಂದಳು. ಟ್ರಸ್ಟಿನವರಿಗೂ ಎರಡು ಸಾಲು ಬರೆದು ಕಳಿಸಿದಳು. ಇದನ್ನು ಧೈರ್ಯ ಎನ್ನುವಂತಿಲ್ಲ. ಹನುಮೇಶ್ ಸಲೀಸಾಗಿ ಒಪ್ಪಿದ ಯಾವ ಸಂಗತಿಯನ್ನೂ ಇಪ್ಪತ್ತೈದು ವರ್ಷದಿಂದ ಅವಳು ನಂಬಿದವಳಲ್ಲ.

ಮಂಗಳವಾರ ಅರ್ಧ ದಿನ ರಜೆ ಹಾಕಿ ಕುರೆಕುಪ್ಪಕ್ಕೆ ಹೋದಳು. ಫೋನ್ ಮಾಡದೆಯೇ ಹೋದಳು. ಮಾಳಿಗೆಯ ಮೇಲೆ ಬಟ್ಟೆಗಳು ಸುಡುಬಿಸಿಲಿಗೆ ಪಟಪಟ ಬಡಿದುಕೊಳ್ಳುತ್ತಿದ್ದವು. ಅವಳ ಬಿಳಿ ಬಣ್ಣದ ಮೇಲೆಲ್ಲ ಕೆಂಪು ಚಪ್ಪಲಿಯ ಗುರುತು. ಒಂಬತ್ತನೆಯ ಕೋಣೆಯಲ್ಲಿ ಶಿಲ್ಪಶ್ರೀ, ಎರ್ರೆಮ್ಮ, ಇನ್ನೂ ನಾಲ್ಕೈದು ಮಂದಿ ಸೇರಿದ್ದರು. ಬೀಸಣಿಗೆಗೆಂದು ಎಲ್ಲರ ಕೈಯಲ್ಲೂ ಒಂದೊಂದು ರಟ್ಟು. ಮೂರಕ್ಕೆ ಮೀಟರು ನೋಡಿದರೆ ಮೂವತ್ತಾರೂವರೆ. ಹಳೆಯ ಕಟ್ಟಡದಲ್ಲಿ ಮೂವತ್ತೊಂಬತ್ತೇ.

“ಮೇಡಂ, ನಿನ್ನೆಯಿಂದ ಫ್ಯಾನು ಬೆಂಕಿ ಉಗುಳಾಕತ್ತೈತಿ,” ಎಂದಳು ಎರ್ರೆಮ್ಮ. “ಮಾಳಗಿ ತೆಗದಿದ್ದಕ್ಕ ನಿಮ್ಮ ಗ್ವಾಡಿ ಸಿಟ್ಟಾತೇನು?”

ಪಂಪಾವತಿ ಬೆವರು ಒರೆಸಿಕೊಂಡು ನಡೆದದ್ದನ್ನು ಬಿಡಿಸಿ ಹೇಳಿದಳು. ಬಟ್ಟೆಯ ನೀರು ಆರುವಾಗ ಗಾಳಿಯ ಬಿಸಿಯನ್ನು ಹೀರುತ್ತದೆಂದಳು. ಶನಿವಾರ ತಾನು ಅದಕ್ಕಾಗಿಯೇ ಬೀಗ ತೆಗೆಸದೆ ಹೋದೆನೆಂಬುದನ್ನೂ ಹೇಳಿದಳು. ಕೊನೆಯ ಮಾತು ಹೇಳುವಾಗ ಮೀಟರನ್ನು ನೋಡುತ್ತಿದ್ದಳು. ಅದು ಅವಳ ಕಡೆ ನೋಡುತ್ತಿರಲಿಲ್ಲ ಎಂಬುದೇ ಅದರ ಗುಣ.

ಎರ್ರೆಮ್ಮ ಬೀಸುತ್ತಿದ್ದ ರಟ್ಟನ್ನು ಮಂಚದ ಮೇಲಿಟ್ಟಳು.

“ಹಂಗಾದ್ರ ಬುಧವಾರದ ಮೀಟಿಂಗ್ ನಮ್ಮ ಬಟ್ಟಿದಲ್ಲ,” ಎಂದಳು ಎರ್ರೆಮ್ಮ.

“ಅಲ್ಲ.”

“ನಾನು ಟ್ರಸ್ಟಿನೋರಿಗೆಲ್ಲ ಹೇಳಿಬಿಟ್ಟೀನಲ್ರಿ, ನಮ್ಮ ಬಟ್ಟಿ ಬಗ್ಗೆ ಹೊಸಪ್ಯಾಟ್ಯಾಗ ಮೀಟಿಂಗ್ ಐತಿ ಅಂತ.”

ಶಿಲ್ಪಶ್ರೀಗೆ ನಗು ತಡೆಯಲಾಗಲಿಲ್ಲ. ಅವಳು ಬೆರಳಲ್ಲಿ ಲೆಕ್ಕ ಹಾಕಿದಳು. “ಮೇಡಂ, ಆರರಾಗ ಮೂರೂವರಿ ನಮ್ಮ ಲಂಗದ್ದು, ಎರಡೂವರಿ ನಿಮ್ಮ ಗ್ವಾಡಿದು. ನಾವ ಗೆದ್ದಿವಿ.”

“ಬಟ್ಟಿ ಮತ್ತ ಕೆಳಗ ತರ್ತೀರೇನು ಹಂಗಾದ್ರ?” ಪಂಪಾವತಿ ಕೇಳಿದಳು. ಕೇಳಿದ ದನಿಯಲ್ಲಿ ಆಸೆಯಿತ್ತು. ಅದು ತನಗೇ ಕೇಳಿಸಿತು.

“ಮೈಗೆ ಹತ್ತೋವು ತರಂಗಿಲ್ಲ, ಸತ್ರೂ ತರಂಗಿಲ್ಲ. ಚಾದರಾ, ಟವಲ್ಲು ಬೇಕಾದ್ರ ಒಳಗ ಹಾಕೂಣು. ನಮಗೂ ಸೆಖಿ ಆಕ್ಕತಿ ಅಲ್ರಿ.” ಆಮೇಲೆ ಶಿಲ್ಪಶ್ರೀ ನೋಟ್‌ಬುಕ್ಕನ್ನು ಪಂಪಾವತಿಯ ಮುಂದೆ ತಳ್ಳಿದಳು. “ಮೂವತ್ತಾರು ಅಂತ ಬರ್ಕೊಳ್ರಿ. ಅರ್ಧ ಯಾರಿಗೆ ಗೊತ್ತಾಕ್ಕತಿ?”

ಪಂಪಾವತಿ ಮೂವತ್ತಾರೂವರೆ ಎಂದೇ ಬರೆದಳು. ಆ ಅರ್ಧವನ್ನು ಮಾತ್ರ ಸ್ವಲ್ಪ ಸಣ್ಣದಾಗಿ ಬರೆದಳು.

ಬುಧವಾರ ಹನ್ನೊಂದಕ್ಕೆ ಕಂಪನಿಯ ಎಂಜಿನಿಯರು ರಾಯಣ್ಣ ಬಂದರು. ಅರವತ್ತರ ಹತ್ತಿರದ ನರೆತಲೆಯ ಮನುಷ್ಯ. ಮಲ್ಲಿಕಾರ್ಜುನ್ ನಕ್ಷೆಗಳನ್ನು ಮೇಜಿನ ಮೇಲೆ ಹರವಿದ್ದ. ಮೊದಲ ಹಾಳೆಯಲ್ಲಿ ‘ಆರು ಡಿಗ್ರಿ ತಂಪು’ ಎಂದು ಕೆಂಪಕ್ಷರದಲ್ಲಿ ಮುದ್ರಿಸಿದ್ದ. ಅವನು ಬಾಯಿ ತೆರೆಯುವ ಮೊದಲೇ ಪಂಪಾವತಿ ಆ ಹಾಳೆಯ ಮೇಲೆ ಎರ್ರೆಮ್ಮನ ನೋಟ್‌ಬುಕ್ಕಿಟ್ಟು, “ಆರಲ್ಲ ಸರ್, ಎರಡೂವರೆ,” ಎಂದಳು.

ತಡೆದರೆ ನಿಂತುಹೋಗುತ್ತೇನೆಂದು ಹೆದರಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಲಂಗ ಮುಖಕ್ಕೆ ಬಡಿದದ್ದನ್ನು ಬಿಟ್ಟುಬಿಡಬಹುದಿತ್ತು, ಅದನ್ನೂ ಹೇಳಿದಳು.

ಮಲ್ಲಿಕಾರ್ಜುನ್ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. “ಅಕ್ಕಾ, ಇದನ್ನ ನನಗ ಮುಂಜಾನೆ ಹೇಳಿದ್ರ ಆಗ್ತಿತ್ತಲ್ಲ.”

“ನಿಮಗ ಹೇಳಿದ್ರ ಬ್ಯಾಡ ಅಂತಿದ್ರಿ ಸರ್.”

“ಅಂತಿದ್ನೆ ಮತ್ತ.”

ರಾಯಣ್ಣ ನೋಟ್‌ಬುಕ್ಕಿನ ಪುಟಗಳನ್ನು ನಿಧಾನ ಮಗುಚಿದರು. “ಎರಡೂವರಿ ಅಂದ್ರ ಕಡಿಮಿ ಏನಲ್ಲ ತಂಗೀ,” ಎಂದರು. “ಆದ್ರ ಎರಡೂವರಿಗೆ ನಾಲ್ಕೂ ಬ್ಲಾಕು ಕೊಡು ಅಂದ್ರ ನಮ್ಮ ಮ್ಯಾಲಿನೋರು ಒಪ್ಪಂಗಿಲ್ಲ. ಒಂದು ಬ್ಲಾಕಿಗೆ ಮಾಡ್ರಿ. ಒಂದು ಬ್ಯಾಸಗಿ ಅಳದು ತೋರಸ್ರಿ. ಆಮ್ಯಾಲ ಉಳಿದದ್ದು.”

ನಾಲ್ಕರಲ್ಲಿ ಒಂದು. ಪಂಪಾವತಿ ಮನಸ್ಸಿನಲ್ಲೇ ತೂಗಿ ನೋಡಿದಳು. ಒಂದು ಬ್ಲಾಕಿನ ಹಾಳೆಯಲ್ಲೂ ವಿನ್ಯಾಸ ಮಾಡಿದವರ ಹೆಸರಿಗೆ ಜಾಗವಿರುತ್ತದೆ. ಅಲ್ಲಿ ಬರುವುದು ತನ್ನ ಹೆಸರೇ. ಸತ್ಯ ಹೇಳಿದವಳು ಎಂಬ ಹೊಸ ಹೆಮ್ಮೆ ಆಗಲೇ ಒಳಗೆ ರೆಕ್ಕೆ ಬಡಿಯತೊಡಗಿತ್ತು. ಇದನ್ನು ಸೊಪ್ಪಿನವಳಿಗೆ ಹೇಗೆ ಹೇಳಬೇಕೆಂಬ ಮೊದಲ ವಾಕ್ಯವೂ ಸಿದ್ಧವಾಗುತ್ತಿತ್ತು.

ರಾಯಣ್ಣ ಕನ್ನಡಕ ಏರಿಸಿಕೊಂಡು ಕ್ವಾರ್ಟರ್ಸಿನ ನಕ್ಷೆಯ ಮೇಲೆ ಬಗ್ಗಿದರು. ಅವರ ಬೆರಳು ಮನೆಯಿಂದ ಮನೆಗೆ, ಬಚ್ಚಲಿಂದ ಅಡುಗೆಮನೆಗೆ, ಅಲ್ಲಿಂದ ಮೆಟ್ಟಿಲಿಗೆ ಸರಿಯಿತು.

“ಇದರಾಗ ಬಟ್ಟಿ ಎಲ್ಲಿ ಒಣಗಸ್ತಾರ?”

“ಮಾಳಗಿ ಮ್ಯಾಲ ಸರ್,” ಎಂದು ಹೇಳುತ್ತಲೇ ಪಂಪಾವತಿ ಮಾಳಿಗೆಯ ಹಾಳೆ ಎಳೆದು ಅವರ ಮುಂದಿಟ್ಟಳು. ಮಾಳಿಗೆಯ ತುಂಬ ಬಿಳಿ ಬಣ್ಣದ ಗುರುತು. ಮೆಟ್ಟಿಲ ಬಾಗಿಲಿಗೆ ಬೀಗ. ಪಕ್ಕದಲ್ಲಿ ಅವಳದೇ ದುಂಡನೆಯ ಅಕ್ಷರಗಳಲ್ಲಿ, ‘ಯಾರೂ ಮೇಲೆ ಓಡಾಡಕೂಡದು’.

ಶನಿವಾರದಿಂದ ಬುಧವಾರದವರೆಗೆ ಅವಳು ಗೋಡೆಯ ಬಗ್ಗೆ ಯೋಚಿಸಿದ್ದಳು, ತನ್ನ ಸುಳ್ಳಿನ ಬಗ್ಗೆ, ತನ್ನ ಹೆಸರಿನ ಬಗ್ಗೆ, ಹೆಂಗಸರು ಮುಚ್ಚಿಟ್ಟು ಬದುಕುವ ಬಗ್ಗೆಯೂ ಸಾಕಷ್ಟು ಆಳವಾಗಿ ಯೋಚಿಸಿದ್ದಳು. ಈ ಹಾಳೆಯನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ. ನಾಲ್ಕು ಬ್ಲಾಕು, ತೊಂಬತ್ತಾರು ಮನೆ. ಒಂದು ಮೊಳ ತಂತಿ ಇರಲಿಲ್ಲ.

ಮಲ್ಲಿಕಾರ್ಜುನ್ ಮುಚ್ಚಿದ ಕಣ್ಣು ತೆರೆದ. ಎರಡೂವರೆ ಎಂದು ಕೇಳಿದ ಮೇಲೆ ಮೊದಲ ಬಾರಿ ಅವನ ಮುಖದ ಮೇಲೆ ಸಂತೋಷ ಕಂಡಿತು.

ರಾಯಣ್ಣ ಕಿಸೆಯಿಂದ ಪೆನ್ಸಿಲು ತೆಗೆದು ಅವಳ ಕಡೆ ಉರುಳಿಸಿ, ಚಹಾ ಲೋಟ ಎತ್ತಿಕೊಂಡು ಕಿಟಕಿಯ ಕಡೆ ತಿರುಗಿ ಕೂತರು. ಪಂಪಾವತಿ ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಮೊದಲು ಬೀಗಕ್ಕೆ ಅಡ್ಡಗೆರೆ ಎಳೆದಳು.